ಯಾರೂ ಹಿಡಿಯದ ದೇವಾನಂದ ಮಾಸ್ತರ

ನಿಂಬರ್ಗಾದ ಬಸ್ ನಿಲ್ದಾಣದಲ್ಲಿ ಕಬಡ್ಡಿಯ ಮಾತು ತೆಗೆದು ನೋಡಿ. ಚಹಾ ಕುಡಿಯುತ್ತಿರುವವರಲ್ಲಿ ಒಬ್ಬರಾದರೂ ಕಪ್ಪು ಕೆಳಗಿಟ್ಟು ಹೇಳುತ್ತಾರೆ: "ದೇವಾನಂದ ಮಾಸ್ತರ ಅಂತ ಅದಾರ್ರಿ. ಸಣ್ಣವರಿದ್ದಾಗ ಅವರೂರಾಗ ಅವರಿಗಿ ಒಬ್ಬರೂ ಹಿಡಿದಿಲ್ಲ ನೋಡ್ರಿ." ಹೇಳುವವರು ಆ ಆಟ ನೋಡಿದವರಲ್ಲ. ಅವರಪ್ಪ ನೋಡಿದ್ದನೋ, ಅಪ್ಪನ ಗೆಳೆಯ ನೋಡಿದ್ದನೋ. ಊರವರ ಬಾಯಲ್ಲಿ ಇಂಥ ಮಾತು ಉಬ್ಬುತ್ತಲೇ ಹೋಗುತ್ತದೆ, ಇದೂ ಹಾಗೇ ಉಬ್ಬಿದ ಸುಳ್ಳು ಎಂದು ನೀವು ಅಂದುಕೊಂಡರೆ ತಪ್ಪು. ಮಾತು ಅಕ್ಷರಶಃ ನಿಜ. ದೇವಾನಂದನನ್ನು ಅವನ ಊರಿನಲ್ಲಿ ಒಬ್ಬರೂ ಹಿಡಿದಿಲ್ಲ. ತಕರಾರು ಇರುವುದೂ ಅಲ್ಲೇ.

ಈ ಮಾತು ಕಿವಿಗೆ ಬಿದ್ದಾಗಲೆಲ್ಲ ಮಾಸ್ತರರು ಕೊರಳಲ್ಲಿ ತೂಗುವ ಸೀಟಿಯನ್ನು ಅಂಗಿಯ ಅಂಚಿನಿಂದ ಒರೆಸತೊಡಗುತ್ತಾರೆ. ಹೌದು ಅನ್ನುವುದಿಲ್ಲ, ಅಲ್ಲ ಅನ್ನುವುದಿಲ್ಲ. ಶಾಲೆಯ ದೈಹಿಕ ಶಿಕ್ಷಕನಾಗಿ ಅಫಜಲಪುರ, ಜೇವರ್ಗಿ, ಆಳಂದ ಎಂದು ಮೂರು ತಾಲೂಕುಗಳ ಧೂಳು ಕುಡಿದ ಮನುಷ್ಯ, ಸಾವಿರಾರು ಮಕ್ಕಳಿಗೆ ಕಬಡ್ಡಿ ಕಲಿಸಿದವರು. ಅವರಿಗೆ ಕಪ್ಪು ಬೇಕು, ಹಾರ ಬೇಕು ಎಂದು ಯಾರಾದರೂ ಊಹಿಸಿಯಾರು. ಅವರಿಗೆ ಬೇಕಾಗಿದ್ದದ್ದು ಒಂದೇ ಒಂದು. ಅಂದು ಆ ಊರಿನ ಕಣದಲ್ಲಿ ಎದುರಿಗೆ ನಿಂತಿದ್ದವರಲ್ಲಿ ಯಾರಾದರೂ ಒಬ್ಬರು, ತಾವು ಅವರನ್ನು ಯಾಕೆ ಹಿಡಿಯಲಿಲ್ಲ ಎಂಬುದನ್ನು ತಮ್ಮ ಬಾಯಿಂದಲೇ ಹೇಳಬೇಕು. ನೌಕರಿ ಮುಗಿಯುವ ಹೊತ್ತಿಗೂ ಆ ಆಸೆ ಈಡೇರಿರಲಿಲ್ಲ.

ಅವರ ಊರಿನ ಹೆಸರು ಇಲ್ಲಿ ಬೇಡ. ಮಾದನಹಿಪ್ಪರಗಾದಿಂದ ಎರಡು ಹರದಾರಿ ಒಳಗೆ, ಬಸ್ಸು ಬಂದರೆ ಬಂತು ಇಲ್ಲವಾದರೆ ಇಲ್ಲ ಎನ್ನುವಂಥ ಊರು. ಅಲ್ಲಿ ನಡೆದದ್ದು ಸುತ್ತಲಿನ ಯಾವ ಊರಲ್ಲಾದರೂ ನಡೆಯಬಹುದಿತ್ತು, ನಡೆದೂ ಇತ್ತು. ಒಂದೇ ಊರಿನ ಕಡೆ ಬೆರಳು ಮಾಡಿದರೆ ಉಳಿದ ಊರುಗಳೆಲ್ಲ ಪುಕ್ಕಟೆ ಸಾಚಾ ಆಗಿಬಿಡುತ್ತವೆ.

ತಂದೆ ಮಲ್ಕಪ್ಪ, ಊರ ಗೌಡರ ಹೊಲದಲ್ಲಿ ವರ್ಷದ ಆಳಾಗಿ ದುಡಿಯುತ್ತಿದ್ದ. ತಾಯಿ ಸಾಬವ್ವ ರಾಶಿಯ ದಿನಗಳಲ್ಲಿ ಅದೇ ಹೊಲಕ್ಕೆ, ಉಳಿದ ದಿನಗಳಲ್ಲಿ ಕರೆದವರ ಹೊಲಕ್ಕೆ ಹೋಗುತ್ತಿದ್ದಳು. ಮನೆ ಊರ ಹೊರಗಿನ ಓಣಿಯಲ್ಲಿ. ಚಹಾದಂಗಡಿಯಲ್ಲಿ ಆ ಓಣಿಯವರಿಗೆ ಬೇರೆ ಕಪ್ಪು, ಕುಡಿದ ಮೇಲೆ ತಾವೇ ತೊಳೆದು ಗೂಟಕ್ಕೆ ಸಿಕ್ಕಿಸಬೇಕು. ಬಾವಿಯೂ ಬೇರೆ. ಇದೆಲ್ಲ ದೇವಾನಂದನಿಗೆ ಬುದ್ಧಿ ಬಂದಾಗಿನಿಂದ ಗೊತ್ತು. ಬಿಸಿಲು ಬಿಸಿಲಾಗಿರುವಂತೆ ಇದು ಹೀಗೇ ಎಂದು ಗೊತ್ತು.

ರಾಶಿ ಮುಗಿದರೆ ಗೌಡರ ಕಣ ಖಾಲಿ ಬೀಳುತ್ತಿತ್ತು. ಬಡಿದು, ಸಾರಿಸಿ ಗಟ್ಟಿ ಮಾಡಿದ ನೆಲ, ಕಬಡ್ಡಿಗೆ ಹೇಳಿ ಮಾಡಿಸಿದ ಜಾಗ. ಹಳಬರು ಆ ಆಟವನ್ನು ಹುತುತು ಅನ್ನುತ್ತಿದ್ದರು, ಶಾಲೆಯ ಮೆಟ್ಟಿಲು ಹತ್ತಿದವರು ಕಬಡ್ಡಿ ಅನ್ನುತ್ತಿದ್ದರು. ಗೌಡರ ಮಗ ದೌಲತರಾಯನೇ ಅಲ್ಲಿನ ನಾಯಕ. ದೇವಾನಂದನಿಗಿಂತ ಒಂದು ವರ್ಷಕ್ಕೆ ದೊಡ್ಡವನು, ಬೆಳ್ಳಗೆ ದುಂಡಗೆ ಇದ್ದವನು. ಒಂದು ಸಂಜೆ ಎದುರು ಗುಂಪಿನ ಹುಡುಗನೊಬ್ಬ ಜ್ವರ ಬಂದು ಬರಲಿಲ್ಲ. ಕಣದ ಒಡ್ಡಿನ ಮೇಲೆ ಕುಳಿತು ನೋಡುತ್ತಿದ್ದ ದೇವಾನಂದನ ಕಡೆ ದೌಲತರಾಯನ ಕಣ್ಣು ಹೋಯಿತು.

"ಲೇ ದೇವ್ಯಾ, ಓಡಾಕ ಬರ್ತದೇನ್ ನಿನಗ?"

"ಬರ್ತದ್ರಿ."

"ಹಂಗಾದ್ರ ಆ ಕಡೆ ನಿಂದ್ರ ಹೋಗು."

ಮೊದಲ ಸಲ ಗೆರೆ ದಾಟಿ ದಮ್ಮು ಹಿಡಿದು "ಕಬಡ್ಡಿ ಕಬಡ್ಡಿ" ಎನ್ನುತ್ತ ನುಗ್ಗಿದ. ಎದುರಿಗಿದ್ದ ಏಳೂ ಜನ ಹಿಂದೆ ಸರಿದರು. ಇವನು ಎಡಕ್ಕೆ ಹೋದರೆ ಅವರು ಬಲಕ್ಕೆ, ಇವನು ಬಲಕ್ಕೆ ಹೋದರೆ ಅವರು ಎಡಕ್ಕೆ. ಮೂಲೆಗೆ ಸಿಕ್ಕಿದ ಇಬ್ಬರು ಇವನ ಕೈ ಬರುವ ಮೊದಲೇ ಗೆರೆಯಾಚೆ ಹಾರಿ ಔಟಾದರು. ಇವನು ಆರಾಮಾಗಿ ನಡೆದು ವಾಪಸು ಬಂದ. ಮರುದಿನ ಮತ್ತೆ ಕರೆ ಬಂತು. ಅದರ ಮರುದಿನವೂ ಬಂತು. ಆ ಸುಗ್ಗಿ ಮುಗಿಯುವುದರೊಳಗೆ ಅವನನ್ನು ತಮ್ಮ ಕಡೆಗೆ ಹಾಕಿಕೊಳ್ಳಲು ಎರಡೂ ಗುಂಪಿನವರು ಜಗಳವಾಡತೊಡಗಿದರು. ಕಾಯುವಾಗ ಅವನನ್ನು ಮೂಲೆಗೆ ನಿಲ್ಲಿಸುತ್ತಿದ್ದರು, ದಾಳಿಗೆ ಬಂದವನು ಆ ಮೂಲೆಯ ಹತ್ತಿರ ಸುಳಿಯುತ್ತಿರಲಿಲ್ಲ. ತನ್ನನ್ನು ಕಂಡರೆ ಎಲ್ಲರೂ ಹೆದರುತ್ತಾರೆ ಎಂದು ದೇವಾನಂದ ತಿಳಿದ.

ಇಷ್ಟೆಲ್ಲ ಕಪ್ಪು, ಬಾವಿ ನೋಡಿದ ಹುಡುಗನಿಗೆ ಇದೊಂದು ಯಾಕೆ ಹೊಳೆಯಲಿಲ್ಲ ಎಂದು ಕೇಳಬಹುದು. ಹೊಗಳಿಕೆ ತನ್ನದಾದಾಗ ಎಂಥ ಜಾಣನಿಗೂ ಕಣ್ಣು ಮಂಜಾಗುತ್ತದೆ, ಇವನಾದರೋ ಹದಿನಾಲ್ಕರ ಪೋರ. ಮೇಲಾಗಿ ಅವರೇ ಕರೆದಿದ್ದರು. ಕರೆದವರು ಆಟದೊಳಗೆ ಅದನ್ನು ತರಲಾರರು ಎಂದು ಅವನ ಲೆಕ್ಕ.

ಸಂಜೆ ಮನೆಗೆ ಬಂದು ಜಂಬ ಕೊಚ್ಚುತ್ತಿದ್ದ. "ಅವ್ವಾ, ಇವತ್ತೂ ನನ್ನ ಯಾರೂ ಹಿಡೀಲಿಲ್ಲ."

ಸಾಬವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸುತ್ತಿರಲಿಲ್ಲ. "ಹೂಂ ಮಗಾ. ಉಣ್ಣು," ಅನ್ನುತ್ತಿದ್ದಳು.

ಅವಳಿಗೆ ಗೊತ್ತಿತ್ತು. ಗೌಡರ ಮನೆಯ ಹಿತ್ತಲಲ್ಲಿ ಸೌದೆ ಒಡೆಯುವಾಗ ಅವಳು ಕಣ್ಣಾರೆ ಕಂಡಿದ್ದಳು. ಆಡಿ ಬಂದ ದೌಲತರಾಯನನ್ನು ಅವನ ತಾಯಿ ಗಂಗಾಬಾಯಿ ಬಾಗಿಲಲ್ಲೇ ತಡೆದು, ದೇವ್ಯಾ ಮುಟ್ಟಿದನೇ ಎಂದು ಕೇಳುತ್ತಿದ್ದಳು. ಹೌದು ಅಂದರೆ ಮೈಮೇಲಿನ ಬಟ್ಟೆಯ ಸಮೇತ ತಣ್ಣೀರಿನ ಕೊಡ ತಲೆಯ ಮೇಲೆ. ಪುಷ್ಯ ಮಾಸದ ಚಳಿಯಲ್ಲಿ ಆ ನೀರಿಗಿಂತ ಗೆರೆಯಾಚೆ ಹಾರುವುದೇ ಹುಡುಗರಿಗೆ ಸಲೀಸು. ಹಾಗಂತ ಮಗನಿಗೆ ಹೇಳಲು ಸಾಬವ್ವನಿಗೆ ಬಾಯಿ ಬರಲಿಲ್ಲ. ಹುಡುಗ ಖುಷಿಯಾಗಿದ್ದ, ಇನ್ನಷ್ಟು ದಿನ ಇರಲಿ ಎಂದುಕೊಂಡಳು.

ಆ ವರ್ಷ ಆಳಂದದಲ್ಲಿ ಹಳ್ಳಿ ತಂಡಗಳ ಪಂದ್ಯ ಇಟ್ಟರು. ಗೌಡರ ಟ್ರ್ಯಾಕ್ಟರಿನ ಟ್ರಾಲಿಯಲ್ಲಿ ಹುಡುಗರು ಹಾಡಿಕೊಂಡು ಹೋದರು. ಎದುರು ಬಂದದ್ದು ಆಳಂದ ಪೇಟೆಯ ತಂಡ. ಮೊದಲ ದಾಳಿಗೆ ದೇವಾನಂದನನ್ನೇ ಬಿಟ್ಟರು. ಅವನು ಎಂದಿನಂತೆ ಎದೆ ಸೆಟೆಸಿ ನಡುಮಧ್ಯಕ್ಕೆ ಹೋದ. ಸರಿಯಬೇಕಾದವರು ಸರಿಯಲಿಲ್ಲ. ಒಬ್ಬ ಕೆಳಗೆ ಬಿದ್ದು ಪಾದ ಹಿಡಿದ, ಇನ್ನೊಬ್ಬ ತೊಡೆ ಅಮುಕಿದ, ಉಳಿದವರು ಹೆಣದ ಮೇಲೆ ಮಣ್ಣು ಎಳೆದಂತೆ ಮೇಲೆ ಬಿದ್ದರು. ಬಿಡಿಸಿಕೊಳ್ಳಬೇಕು, ಗೆರೆಗೆ ಕೈ ಚಾಚಬೇಕು ಎಂಬುದು ಅವನಿಗೆ ತಿಳಿಯಲೇ ಇಲ್ಲ. ಅಷ್ಟು ಕೈಗಳು ಒಟ್ಟಿಗೆ ತನ್ನ ಮೈಮೇಲೆ ಬಿದ್ದದ್ದು ಜೀವಮಾನದಲ್ಲಿ ಅದೇ ಮೊದಲು. ದಮ್ಮು ಬಿಟ್ಟು, ಬಾಯಿ ತೆರೆದು ಸುಮ್ಮನೆ ಮಲಗಿದ. ಎರಡನೆಯ ಸಲವೂ ಹಾಗೇ ಆಯಿತು. ಆಮೇಲೆ ಅವನನ್ನು ಕಳಿಸಲಿಲ್ಲ. ತಂಡ ಸೋತಿತು.

ಪಂದ್ಯದ ತೀರ್ಪುಗಾರರು ಹಸನಸಾಬ, ಆಳಂದದ ಶಾಲೆಯೊಂದರ ಪಿಟಿ ಮಾಸ್ತರ. ಮೂಲೆಯಲ್ಲಿ ತರಚಿದ ಮೊಣಕಾಲಿಗೆ ಮಣ್ಣು ಹಚ್ಚಿಕೊಳ್ಳುತ್ತಿದ್ದ ಹುಡುಗನ ಹತ್ತಿರ ಬಂದು ಕುಕ್ಕರಗಾಲಲ್ಲಿ ಕುಳಿತರು.

"ಯಾಕ್ ಬೇಟಾ, ಒದ್ದಾಡಲೇ ಇಲ್ಲಲ್ಲ?"

"ನನಗ ಇದಕ್ಕೂ ಮೊದಲು ಯಾರೂ ಹಿಡಿದಿಲ್ರಿ," ಎಂದ ದೇವಾನಂದ.

ಹಸನಸಾಬರು ಅವನ ಮುಖ ನೋಡಿದರು, ಆಚೆ ಟ್ರ್ಯಾಕ್ಟರಿನ ಹತ್ತಿರ ನಿಂತಿದ್ದ ಅವನ ತಂಡವನ್ನು ನೋಡಿದರು. ಯಾವ ಓಣಿಯವನು ಎಂದು ಕೇಳಲಿಲ್ಲ. "ಐತಾರಕ್ಕೊಮ್ಮಿ ಇಲ್ಲಿಗಿ ಬಾ. ನಾವು ಹಿಡೀತೀವಿ," ಎಂದರು.

ವಾಪಸು ಬರುವಾಗ ಟ್ರಾಲಿಯಲ್ಲಿ ಹಾಡಿರಲಿಲ್ಲ. ಹುಡುಗರು ಒಬ್ಬರ ಮೇಲೊಬ್ಬರು ಒತ್ತಿ ಕುಳಿತಿದ್ದರು, ಕೆಲವರು ಅಂಚಿನ ಮೇಲೆ ಜೋತಾಡುತ್ತಿದ್ದರು. ಹಿಂದಿನ ಮೂಲೆಯಲ್ಲಿ ದೇವಾನಂದ ಕಾಲು ಚಾಚಿ ಕುಳಿತಿದ್ದ. ಅವನ ಪಕ್ಕದಲ್ಲಿ ಇಬ್ಬರು ಕೂರುವಷ್ಟು ಜಾಗ ಖಾಲಿ ಇತ್ತು. ಆಳಂದಕ್ಕೆ ಹೋಗುವಾಗಲೂ ಇತ್ತು, ಆಗ ಅವನು ಅದನ್ನು ಒಳ್ಳೆಯ ಆಟಗಾರನಿಗೆ ಕೊಡುವ ಮರ್ಯಾದೆ ಎಂದುಕೊಂಡಿದ್ದ. ಈಗ ಆ ಖಾಲಿ ಹಲಗೆಯನ್ನೇ ನೋಡುತ್ತ ಬಂದ.

"ಏನಾತಲೇ ದೇವ್ಯಾ ನಿನಗ ಇವತ್ತ?" ಎಂದು ದೌಲತರಾಯ ದೂರದಿಂದಲೇ ಕೇಳಿದ. ಅದರಲ್ಲಿ ಕುಹಕವೇನೂ ಇರಲಿಲ್ಲ. ಅವನಿಗೂ ನಿಜವಾಗಿ ತಿಳಿದಿರಲಿಲ್ಲ. ಊರಿಗೆ ಬಂದ ಮೇಲೆ ಹುಡುಗರು ದೇವಾನಂದನಿಗೆ ಯಾರದೋ ದೃಷ್ಟಿ ತಾಗಿತ್ತು ಎಂದು ತೀರ್ಮಾನ ಮಾಡಿ, ಅವನ ಹೆಸರನ್ನು ಉಳಿಸಿಬಿಟ್ಟರು.

ಮನೆಯಲ್ಲಿ ಸಾಬವ್ವ ಕೇಳಿದಳು. ಮಗ ಹೇಳಿದ, "ಹಿಡದ್ರವ್ವಾ."

"ಯಾರ್ ಹಿಡದ್ರು?"

"ಪ್ಯಾಟಿ ಹುಡುಗ್ರು. ಏಳೂ ಮಂದಿ."

"ಮ್ಯಾಲ ಬಿದ್ದು ಹಿಡದ್ರಾ?"

"ಹೂಂ. ಕಾಲು, ಕೈ, ಸೊಂಟ, ಎಲ್ಲ ಹಿಡದ್ರು."

ಸಾಬವ್ವನ ಕೈಯಲ್ಲಿದ್ದ ಹಿಟ್ಟಿನ ಉಂಡೆ ಹಾಗೇ ನಿಂತಿತು. ಅವಳು ಅವನನ್ನು ಸಮಾಧಾನ ಮಾಡಲಿಲ್ಲ. ಎದ್ದು ಬಂದು ಅವನ ಪಾದದ ಮೇಲಿನ ಕೆಂಪು ಗುರುತನ್ನು ಬೆರಳಿನಿಂದ ಸವರಿ ನೋಡಿದಳು. ಆಮೇಲೆ ಅವಳಿಗೆ ಅಳು ಬಂತು. ಸೋತದ್ದಕ್ಕೆ ಅಳುತ್ತಾಳೆ ಎಂದು ಮಲ್ಕಪ್ಪ ಬೈದ.

ದೇವಾನಂದ ಗೌಡರ ಕಣಕ್ಕೆ ಮತ್ತೆ ಹೋಗಲಿಲ್ಲ. ಭಾನುವಾರ ಬಂದರೆ ಆಳಂದಕ್ಕೆ ಹೋಗುತ್ತಿದ್ದ, ಬಸ್ಸು ಇದ್ದರೆ ಬಸ್ಸು, ಇಲ್ಲವಾದರೆ ನಡಿಗೆ. ಹಸನಸಾಬರು ಮೊದಲು ಅವನನ್ನು ಹಿಡಿಸಿದರು, ಆಮೇಲೆ ಅವನಿಂದ ಹಿಡಿಸಿದರು. ದಾಳಿ ಮಾಡು ಎಂದರೆ ಅವನಿಗೆ ಬೇಡವಾಯಿತು. ಪಾದದ ಹಿಡಿತ, ತೊಡೆಯ ಹಿಡಿತ, ಇಬ್ಬರು ಕೈ ಕೈ ಬೆಸೆದು ಅಡ್ಡಗಟ್ಟುವ ಸರಪಳಿ, ಇವನ್ನೆಲ್ಲ ಹಟ ಹಿಡಿದು ಕಲಿತ. ಕಾಲೇಜಿನ ತಂಡದಲ್ಲಿ ಹಿಡಿಯುವವನಾಗಿಯೇ ಆಡಿದ. ಗುಲಬರ್ಗಾದಲ್ಲಿ ದೈಹಿಕ ಶಿಕ್ಷಣದ ತರಬೇತಿ ಮುಗಿಸಿ ಸರಕಾರಿ ನೌಕರಿ ಹಿಡಿದ. ಮೊದಲ ಸಂಬಳದಲ್ಲಿ ಹಸನಸಾಬರಿಗೆ ಒಂದು ಒಳ್ಳೆಯ ಸೀಟಿ ಕೊಂಡುಕೊಟ್ಟರೆ, ಅವರು ಅದನ್ನೇ ಇವನ ಕೊರಳಿಗೆ ಹಾಕಿ ಕಳಿಸಿದರು.

ಮೊದಲ ಊರು ಅಫಜಲಪುರ ತಾಲೂಕಿನಲ್ಲಿ, ಗಾಣಗಾಪುರದ ಕಡೆ. ಮಾಸ್ತರರ ಪದ್ಧತಿ ಅಲ್ಲಿಯೇ ಶುರುವಾಯಿತು. ಹೊಸ ಮಕ್ಕಳು ಬಂದರೆ ಮೊದಲ ಒಂದು ತಿಂಗಳು ದಾಳಿ ಇಲ್ಲ, ಓಟ ಇಲ್ಲ, ಅಂಕ ಇಲ್ಲ. ಬರೀ ಹಿಡಿಯುವುದು. ಪ್ರತಿಯೊಬ್ಬರೂ ಪ್ರತಿಯೊಬ್ಬರನ್ನೂ ಹಿಡಿಯಬೇಕು, ಒಬ್ಬರೂ ತಪ್ಪುವ ಹಾಗಿಲ್ಲ. ಹಿಡಿದವರು ಬಿಡುವುದು ಸೀಟಿ ಊದಿದ ಮೇಲೆಯೇ. ಒಬ್ಬ ಹುಡುಗನ ತಂದೆ ಶಾಲೆಗೆ ಬಂದು, ನನ್ನ ಮಗ ಎಲ್ಲರನ್ನೂ ತಬ್ಬಿಕೊಂಡು ಉರುಳಾಡೋದು ಯಾಕೆ ಬೇಕು, ಅವನಿಗೆ ಓಟ ಚೆನ್ನಾಗಿದೆ, ಅದನ್ನೇ ಕಲಿಸಿ ಎಂದ.

"ಓಡಿ ಹೋಗೋದು ಕಲಿಸಬೇಕಾಗಿಲ್ರಿ, ಅದು ಎಲ್ಲರಿಗೂ ಬರ್ತದ," ಎಂದರು ಮಾಸ್ತರ. ಆ ಮನುಷ್ಯನಿಗೆ ಅರ್ಥವಾಯಿತೋ ಇಲ್ಲವೋ, ಮಗನನ್ನು ಮಾತ್ರ ಬಿಡಿಸಿಕೊಂಡು ಹೋದ.

ಈ ಪದ್ಧತಿಯಿಂದ ತಂಡಗಳು ಗೆದ್ದವೇ ಎಂದರೆ, ಗೆದ್ದವು, ಬೇಸರ ಬರುವ ಹಾಗೆ ಗೆದ್ದವು. ಅವರ ಮಕ್ಕಳ ಕೈಗೆ ಸಿಕ್ಕವನು ತಪ್ಪಿಸಿಕೊಂಡು ಹೋಗುತ್ತಿರಲಿಲ್ಲ. ಆದರೆ ಅವರ ಕಡೆಯಿಂದ ದಾಳಿಗೆ ಹೋದವರು ಸಪ್ಪಗೆ ಹೋಗಿ ಸಪ್ಪಗೆ ಬರುತ್ತಿದ್ದರು. ತಾಲೂಕು ದಾಟುತ್ತಿದ್ದರು, ಜಿಲ್ಲೆಯಲ್ಲಿ ಮುಗ್ಗರಿಸುತ್ತಿದ್ದರು. ಬೇರೆ ಪಿಟಿ ಮಾಸ್ತರರು ಅವರಿಗೆ ಹಿಡಕೊಂಡು ಕೂಡೋ ಮಾಸ್ತರ ಎಂದು ಹೆಸರಿಟ್ಟರು. ಮಾಸ್ತರರಿಗೆ ಅದು ಬೈಗುಳ ಅನ್ನಿಸಲಿಲ್ಲ.

ಜೇವರ್ಗಿಯಲ್ಲಿದ್ದಾಗ ಅವರಿಂದ ಒಂದು ದೊಡ್ಡ ತಪ್ಪಾಯಿತು, ಅದನ್ನು ಮುಚ್ಚಿಡುವುದು ಬೇಡ. ಜಸ್ಮೀನ ಎಂಬ ಎಂಟನೆಯ ತರಗತಿಯ ಹುಡುಗಿ ಅಲ್ಲಿದ್ದಳು. ಗೆರೆ ದಾಟಿ ಹೋದರೆ ಕಣ್ಣಿಗೆ ಸಿಗುತ್ತಿರಲಿಲ್ಲ, ಅಷ್ಟು ಚುರುಕು. ಬೇರೆ ಯಾರಾದರೂ ಅವಳನ್ನು ತಲೆಯ ಮೇಲೆ ಹೊತ್ತು ಕುಣಿಯುತ್ತಿದ್ದರು. ಇವರು ಅವಳನ್ನು ಇಡೀ ವರ್ಷ ಮೂಲೆಯಲ್ಲಿ ನಿಲ್ಲಿಸಿ ಪಾದದ ಹಿಡಿತ ಕಲಿಸಿದರು. ದಾಳಿಗೆ ಕಳಿಸಿ ಸರ್ ಎಂದು ಅವಳು ಅಂಗಲಾಚಿದರೂ ಬಿಡಲಿಲ್ಲ. ಯಾರೂ ಹಿಡಿಯಲಾಗದವರನ್ನು ಕಂಡರೆ ಅವರಿಗೆ ಒಳಗೊಳಗೇ ಸಿಟ್ಟು ಬರುತ್ತಿತ್ತು, ನಂಬಿಕೆಯೂ ಬರುತ್ತಿರಲಿಲ್ಲ. ಹುಡುಗಿ ಮುಂದಿನ ವರ್ಷ ಬೇರೆ ಶಾಲೆಗೆ ಹೋದಳು, ಅಲ್ಲಿಂದ ರಾಜ್ಯದ ತಂಡಕ್ಕೆ ಹೋದಳು. ಅವಳ ಫೋಟೋ ಪೇಪರಿನಲ್ಲಿ ಬಂದ ದಿನ ಮಾಸ್ತರರು ಊಟ ಮಾಡಲಿಲ್ಲ.

ಅವರ ಹೆಂಡತಿ ಅನುರಾಧಾ ಅಂಗನವಾಡಿ ಕಾರ್ಯಕರ್ತೆ, ಮಾತು ನೇರ. ಆ ದಿನ ತಟ್ಟೆ ಎತ್ತಿಡುತ್ತ ಅವರಿಗೆ ಹೇಳಿದರು, "ನಿಮ್ಮೂರ ಕಣದ ಸಿಟ್ಟು ಆ ಕೂಸಿನ ಮ್ಯಾಲ ತೀರಿಸಿಕೊಂಡ್ರಿ."

ಮಾಸ್ತರರು ಪೇಪರು ಮಡಚಿ ಎತ್ತಿಟ್ಟರು.

"ಮಂದಿ ಮುಂದ ಒಮ್ಮಿ ನೀವೇ ಹೇಳಿಬಿಡ್ರಲ್ಲ, ನನಗ ಯಾಕ ಹಿಡೀಲಿಲ್ಲಂತ. ಎದಿ ಹಗರ ಆಗ್ತದ."

"ನಾ ಹೇಳಿದ್ರ ದೂರು ಹೇಳಿದಂಗ ಆಗ್ತದ," ಎಂದರು ಮಾಸ್ತರ. "ಅವರೇ ಹೇಳಬೇಕು."

ಕೊನೆಯ ಹತ್ತು ವರ್ಷದ ನೌಕರಿ ನಿಂಬರ್ಗಾದ ಕಡೆ ಸಿಕ್ಕಿತು. ಊರಿಗೆ ಹತ್ತಿರ ಎಂದು ಜನ ಅಭಿನಂದಿಸಿದರು. ಹತ್ತಿರವಾದಷ್ಟೂ ಆ ಹಳೆಯ ಮಾತು ದಿನವೂ ಕಿವಿಗೆ ಬೀಳತೊಡಗಿತು. ದೌಲತರಾಯ ಈಗ ಬಿಳಿ ಮೀಸೆಯ ಗೌಡರು, ತೊಗರಿ ವ್ಯಾಪಾರದಲ್ಲಿ ಕೈ ಆಡಿಸಿದವರು. ದಾರಿಯಲ್ಲಿ ಸಿಕ್ಕರೆ ಜೀಪು ನಿಲ್ಲಿಸಿ "ಮಾಸ್ತರ, ಆರಾಮ್ರೀ?" ಎಂದು ವಿಚಾರಿಸುತ್ತಾರೆ, ಕೈ ಕುಲುಕುತ್ತಾರೆ. ಕಾಲ ಬದಲಾಗಿತ್ತು, ಗಂಗಾಬಾಯಿ ತೀರಿಕೊಂಡು ಎಷ್ಟೋ ವರ್ಷಗಳಾಗಿದ್ದವು. ಹಳೆಯದರ ಸುದ್ದಿ ಮಾತ್ರ ಇಬ್ಬರ ನಡುವೆ ಒಮ್ಮೆಯೂ ಬರಲಿಲ್ಲ.

ಗೌಡರ ಮೊಮ್ಮಗಳು ಸಪ್ನಾ ಎಂಟನೆಯ ತರಗತಿಗೆ ಈ ಶಾಲೆಗೇ ಬಂದಳು, ಕಬಡ್ಡಿಗೂ ಬಂದಳು. ತಂಡದಲ್ಲಿ ಮೊದಲೇ ಒಬ್ಬಳು ಸಪ್ನಾ ಇದ್ದಳು, ಮಾಸ್ತರರ ಓಣಿಯಂಥದೇ ಓಣಿಯಿಂದ ಬಂದವಳು, ತಾಯಿ ತಂದೆ ಕೂಲಿ ಮಾಡುವವರು. ಉಳಿದ ಹುಡುಗಿಯರು ಗುರುತಿಗೆಂದು ಗೌಡರ ಸಪ್ನಾ ಎಂದು ಒಬ್ಬಳನ್ನು ಕರೆಯತೊಡಗಿದರು, ಇನ್ನೊಬ್ಬಳನ್ನು ಏನೆಂದು ಕರೆಯುವುದು ಎಂದು ತಡವರಿಸಿದರು. ಮಾಸ್ತರರು ಸೀಟಿ ಊದಿದರು. "ಇಲ್ಲಿ ಬರೀ ಸಪ್ನಾ. ಹಿಂದ ಮುಂದ ಏನೂ ಹಚ್ಚಬ್ಯಾಡ್ರಿ," ಎಂದರು.

ಇದರಿಂದ ಮೈದಾನದಲ್ಲಿ ಒಂದು ಫಜೀತಿಯಾಯಿತು. ದಾಳಿಗಾರ್ತಿ ಒಳಗೆ ಬಂದಾಗ ಮಾಸ್ತರರು ಹೊರಗಿನಿಂದ "ಸಪ್ನಾ!" ಎಂದು ಕೂಗಿದರೆ ಇಬ್ಬರೂ ನುಗ್ಗುತ್ತಿದ್ದರು, ಡಿಕ್ಕಿ ಹೊಡೆದುಕೊಂಡು ಬೀಳುತ್ತಿದ್ದರು. ಒಂದು ತಿಂಗಳು ಹಣೆ ಊದಿಸಿಕೊಂಡ ಮೇಲೆ ಹುಡುಗಿಯರೇ ಒಂದು ದಾರಿ ಕಂಡುಕೊಂಡರು. ಹೆಸರು ಕಿವಿಗೆ ಬಿದ್ದ ಕೂಡಲೇ ಇಬ್ಬರೂ ಕೈ ಬೆಸೆದು ಒಟ್ಟಿಗೇ ಹೋಗುವುದು. ಸರಪಳಿ ಎಂದು ಕೂಗಿದರೆ ಎದುರಿನವರು ಎಚ್ಚರಾಗುತ್ತಾರೆ, ಸಪ್ನಾ ಎಂದರೆ ಅವರಿಗೆ ಏನೂ ತಿಳಿಯದು. ಆ ಹಿಡಿತದಿಂದ ಬಿಡಿಸಿಕೊಂಡು ಹೋದವರು ಕಡಿಮೆ. ಮಾಸ್ತರರ ಕೊನೆಯ ವರ್ಷ ತಂಡ ಜಿಲ್ಲೆ ಗೆದ್ದಿತು. ವಿಭಾಗದ ಮೊದಲ ಪಂದ್ಯದಲ್ಲೇ ಸೋತು ಬಂದದ್ದನ್ನು ಊರವರು ದೊಡ್ಡದು ಮಾಡಲಿಲ್ಲ.

ಆ ಗೆಲುವಿನ ಬಿಸಿಯಲ್ಲೇ, ಜನವರಿಯ ಕೊನೆಗೆ, ಬೀಳ್ಕೊಡುಗೆ ಬಂತು. ಶಾಲೆಯ ಅಂಗಳದಲ್ಲಿ ಶಾಮಿಯಾನ, ವೇದಿಕೆ, ಶಾಲು, ಹಣ್ಣಿನ ಬುಟ್ಟಿ. ಮುಖ್ಯೋಪಾಧ್ಯಾಯಿನಿ ಮಧುಮತಿ ಮೇಡಂ ಮುಖ್ಯ ಅತಿಥಿಯಾಗಿ ಗೌಡರನ್ನೇ ಕರೆಸಿದ್ದರು. ಸುತ್ತಲಿನ ಊರುಗಳಿಂದ ಹಳೆಯ ವಿದ್ಯಾರ್ಥಿಗಳು, ಮಾಸ್ತರರ ಊರಿನ ಹಿರಿಯರು ಮುಂದಿನ ಕುರ್ಚಿಗಳಲ್ಲಿದ್ದರು. ಕಬಡ್ಡಿಯ ಹುಡುಗಿಯರು ಅವರ ಮುಂದೆ ಜಮಖಾನದ ಮೇಲೆ. ಅನುರಾಧಾ ಒಂದು ಬದಿಯಲ್ಲಿ ಕುಳಿತಿದ್ದರು.

ದೌಲತರಾಯ ಎದ್ದು ಮೈಕು ಕೈಗೆ ತೆಗೆದುಕೊಂಡರು. "ಈಗ ಟಿವಿಯಾಗ ಏನೇನೋ ಆಡ್ತಾರ್ರಿ. ನಾ ಕೇಳಿದ್ದು ಹೇಳಾಕತ್ತಿಲ್ಲ, ಎದುರಿಗಿ ನಿಂತಾವ ಹೇಳಾಕತ್ತೇನಿ. ನಮ್ಮ ಕಣದಾಗ ಈ ದೇವಾನಂದ ಮಾಸ್ತರಗ ಹಿಡ್ಯಾಕ ಒಬ್ಬರಿಗೂ ಆಗಲಿಲ್ಲ. ನನಗೂ ಆಗಲಿಲ್ಲ!"

ಚಪ್ಪಾಳೆ ಬಿತ್ತು. ಗೌಡರ ಕಣ್ಣುಗಳು ಒದ್ದೆಯಾಗಿದ್ದವು. ಅದು ನಾಟಕವಲ್ಲ, ಹೇಳುತ್ತ ಹೇಳುತ್ತ ಅವರೇ ಅದನ್ನು ನಂಬಿದ್ದರು. ಮಾಸ್ತರರು ಕೊರಳ ಸೀಟಿಯನ್ನು ಒರೆಸತೊಡಗಿದರು. ಇಷ್ಟು ವರ್ಷ ಕಾದದ್ದು ಈ ಬಾಯಿಗೇ, ಆ ಬಾಯಿ ಇಂದು ಇಡೀ ಊರಿನ ಮುಂದೆ ತೆರೆದು ಹೀಗೆ ಹೇಳಿ ಮುಗಿಸಿತ್ತು. ಇನ್ನು ಯಾರು ಹೇಳುತ್ತಾರೆ, ಯಾವಾಗ ಹೇಳುತ್ತಾರೆ?

ಅವರ ಸರದಿ ಬಂತು. ಉಪಕಾರ ಸ್ಮರಣೆಗೆಂದು ಹೆಸರುಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದರು, ಒಂದೂ ನೆನಪಾಗಲಿಲ್ಲ.

"ಗೌಡ್ರು ದೊಡ್ಡ ಮನಸ್ಸಿಂದ ಹೇಳ್ಯಾರ," ಎಂದರು. "ಒಂದು ಮಾತು ಮಾತ್ರ ತಿದ್ದಬೇಕಾಗ್ಯದ. ಹಿಡ್ಯಾಕ ಆಗಲಿಲ್ಲ, ಅಲ್ರಿ. ಹಿಡೀಲಿಲ್ಲ."

ಮುಂದಿನ ಕುರ್ಚಿಗಳ ಹಿರಿಯರು ತಮ್ಮ ತಮ್ಮ ಚಪ್ಪಲಿ ನೋಡಿಕೊಂಡರು. ಮಧುಮತಿ ಮೇಡಂ ಇದನ್ನು ವಿನಯ ಎಂದು ತಿಳಿದು ಚಪ್ಪಾಳೆ ತಟ್ಟಿದರು, ಕೆಲವು ಶಿಕ್ಷಕರು ದನಿಗೂಡಿಸಿದರು. ಮಾತು ಅಲ್ಲಿಗೇ ಮುಗಿದು ಹೋಗುತ್ತಿತ್ತು. ಆದರೆ ಜಮಖಾನದ ಮೇಲಿಂದ ಗೌಡರ ಮೊಮ್ಮಗಳು ಎದ್ದು ನಿಂತಳು. ಅವಳಲ್ಲಿ ಕಿಡಿಗೇಡಿತನ ಇರಲಿಲ್ಲ. ಅವಳು ಹಿಡಿಯುವವಳು. ಏಳು ಜನ ಎದುರಿಗಿದ್ದೂ ಹಿಡಿಯಲಿಲ್ಲ ಎಂದರೆ ಅವಳ ಲೆಕ್ಕದಲ್ಲಿ ಅದು ಆಟದ ತಪ್ಪು.

"ಯಾಕ ಹಿಡೀಲಿಲ್ಲ ಮುತ್ಯಾ?" ಎಂದು ತಾತನನ್ನು ಕೇಳಿದಳು.

"ಆಗ ಹಂಗ ಇತ್ತವಾ," ಎಂದರು ದೌಲತರಾಯ.

"ಹಂಗಂದ್ರ?"

"ಕೂಡು, ಆಮ್ಯಾಗ ಹೇಳ್ತೇನಿ."

"ಏಳು ಮಂದಿ ಇದ್ರಿ. ಒಬ್ಬರರೆ ಹಿಡೀಬೇಕಿತ್ತಲ್ಲ?"

ಮಕ್ಕಳು ನಕ್ಕರು. ಹಿರಿಯರು ನಗಲಿಲ್ಲ. ದೌಲತರಾಯ ಪಕ್ಕಕ್ಕೆ ನೋಡಿದರು. ಮಾಸ್ತರರು ಅವರನ್ನೇ ನೋಡುತ್ತಿದ್ದರು, ಸಹಾಯಕ್ಕೆ ಬರುವಂಥ ನೋಟವಲ್ಲ. ಗೌಡರು ಬೇಕಾದರೆ ನಕ್ಕು ಮಾತು ಹಾರಿಸಬಹುದಿತ್ತು, ಅಂಥ ಸಭೆಗಳನ್ನು ಎಷ್ಟೋ ನಿಭಾಯಿಸಿದವರು. ಮೊಮ್ಮಗಳು ಇನ್ನೂ ನಿಂತೇ ಇದ್ದಳು.

"ಅವರಿಗಿ ಮುಟ್ಟಿದ್ರ ಮನಿ ಒಳಗ ಬಿಡ್ತಿರಲಿಲ್ಲವಾ," ಎಂದರು ಕೊನೆಗೆ. ಮೈಕು ಬಾಯಿಯ ಹತ್ತಿರವೇ ಇತ್ತು, ಎಲ್ಲರಿಗೂ ಕೇಳಿಸಿತು. "ನಮ್ಮವ್ವ ತಲಿ ಮ್ಯಾಲ ನೀರ್ ಹಾಕ್ತಿದ್ಳು. ಅದಕ್ಕ ನಾವು ಯಾರೂ ಮುಟ್ಟತಿರಲಿಲ್ಲ. ಔಟ್ ಆಗಿ ಹೋಗ್ತಿದ್ವಿ."

ಮುಗಿಯಿತು. ದೇವಾನಂದ ಮಾಸ್ತರರು ಎಷ್ಟೋ ರಾತ್ರಿ ಕಲ್ಪಿಸಿಕೊಂಡ ಮಾತು ಇದೇ, ಕಲ್ಪಿಸಿಕೊಂಡದ್ದಕ್ಕಿಂತ ಚೊಕ್ಕವಾಗಿಯೇ ಬಂದಿತ್ತು.  ಅವರಿಗೆ ಸಂತೋಷವಾಯಿತು. ಬದಿಯಲ್ಲಿದ್ದ ಅನುರಾಧಾ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಗೌಡರ ಮೊಮ್ಮಗಳು ಮುಖ ಕೆಂಪಾಗಿ ಕುಳಿತಳು.

ಆಗ ಅವಳ ಪಕ್ಕದ ಇನ್ನೊಬ್ಬಳು ಸಪ್ನಾ ಕೈ ಎತ್ತಿದಳು. ಅವಳಿಗೆ ಈ ನೀರಿನ ಕಥೆಯಲ್ಲಿ ಹೊಸದೇನೂ ಇರಲಿಲ್ಲ, ಮನೆಯಲ್ಲಿ ಅಜ್ಜಿಯ ಬಾಯಿಂದ ಇಂಥವು ಬೇಕಾದಷ್ಟು ಕೇಳಿದ್ದಳು. ಅವಳಿಗೆ ಬೇಕಾದದ್ದು ಬೇರೆ.

"ಸರ್, ಹಂಗಾದ್ರ ನೀವು ಛಲೋ ರೈಡರ್ ಇದ್ರೋ, ಇಲ್ಲೋ?"

ತಮ್ಮನ್ನು ಯಾಕೆ ಹಿಡಿಯಲಿಲ್ಲ ಎಂಬುದನ್ನೇ ಜೀವಮಾನವಿಡೀ ಕೇಳಿಕೊಂಡ ಮಾಸ್ತರರಿಗೆ ಈ ಪ್ರಶ್ನೆ ಎದುರಾಗಿಯೇ ಇರಲಿಲ್ಲ. ಆ ಕಣದಲ್ಲಿ ಅವರ ಕಾಲಿಗೆ ನಿಜವಾಗಿ ಕಸುವು ಇದ್ದಿರಬಹುದು. ಇಲ್ಲದೆಯೂ ಇದ್ದಿರಬಹುದು. ಆಳಂದದಲ್ಲಿ ಸೋತ ಮೇಲೆ ಅವರು ಯಾವ ಪಂದ್ಯದಲ್ಲೂ ಮತ್ತೆ ಗೆರೆ ದಾಟಿ ಹೋಗಲೇ ಇಲ್ಲ.

"ಗೊತ್ತಿಲ್ಲವ್ವಾ," ಎಂದರು.

ದೌಲತರಾಯ ಅವಸರವಾಗಿ ಮೈಕಿಗೆ ಬಾಗಿದರು. ಈ ಒಂದು ಮಾತನ್ನಾದರೂ ತುಂಬಿ ಕೊಡಬೇಕು ಎಂಬಂತಿತ್ತು ಅವರ ಮುಖ. "ಛಲೋ ಇದ್ರವಾ, ಭಾಳ ಛಲೋ ಇದ್ರು! ನಾ ಹೇಳ್ತೇನಲ್ಲ. ನಾ ಎದುರಿಗೇ ಇದ್ದಿದ್ದೆ."

ಮಾಸ್ತರರು ಅವರ ಕಡೆ ತಿರುಗಿದರು. ಸಿಟ್ಟು ಇರಲಿಲ್ಲ. ಮೈದಾನದಲ್ಲಿ ತಪ್ಪಿದ ಮಗುವಿಗೆ ಹೇಳುವ ದನಿಯಲ್ಲೇ ಕೇಳಿದರು.

"ಹಿಡೀದೆ ನಿಮಗ ಹ್ಯಾಂಗ ಗೊತ್ತಾಗ್ತದ್ರಿ, ಗೌಡ್ರ?"

ದೌಲತರಾಯ ಮೈಕನ್ನು ಮೇಜಿನ ಮೇಲೆ ಇಟ್ಟು ಕುಳಿತುಕೊಂಡರು.